ವಿದ್ಯಾರ್ಹತೆಯ ಕಾಲಂ

ಸರ್ಕಾರದ ಸುಧಾರಣೆಗಳನ್ನು ಪೇಪರಿನಲ್ಲಿ ಓದುವವರಿದ್ದಾರೆ, ಟೀವಿಯಲ್ಲಿ ಕೂತು ಚರ್ಚಿಸುವವರಿದ್ದಾರೆ. ನನಗೆ ಅವು ಬಂದದ್ದೆಲ್ಲ ಫಾರ್ಮಿನ ಕಾಲಂಗಳಾಗಿ. ಕುವೈತಿನ ಮಿರ್ಕಾಬಿನಲ್ಲಿ ಕಟ್ಟಡ ಸಾಮಗ್ರಿ ಮಾರುವ ಕಂಪನಿಯೊಂದರ ಆಫೀಸಿನಲ್ಲಿ ನೌಕರರ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಯಾರ ಇಕಾಮಾ, ಅಂದರೆ ಈ ದೇಶದಲ್ಲಿ ಇರಲು ಕೊಡುವ ಪರವಾನಗಿ, ಯಾವಾಗ ಮುಗಿಯುತ್ತದೆ, ಯಾರದ್ದನ್ನು ನವೀಕರಿಸಬೇಕು, ಯಾರದ್ದನ್ನು ರದ್ದು ಮಾಡಿ ವಿಮಾನ ಹತ್ತಿಸಬೇಕು ಎಂದು ನೋಡುತ್ತ ನನಗೆ ಮೂವತ್ತು ವರ್ಷ ಆಗುತ್ತ ಬಂತು. ತೈಲದ ಬೆಲೆ ಬಿದ್ದ ವರ್ಷ ಫಾರ್ಮಿಗೆ ಒಂದು ಕಾಲಂ ಸೇರುತ್ತಿತ್ತು. ಪರದೇಶದವರು ಹೆಚ್ಚಾದರು ಎಂದು ದೊಡ್ಡವರು ಯಾರಾದರೂ ಮಾತಾಡಿದರೆ ಇನ್ನೊಂದು ಸೇರುತ್ತಿತ್ತು. ಮುಂದೆ ಯಾರಾದರೂ ಈ ಕಾಲದ ಚರಿತ್ರೆ ಬರೆದರೆ ಇದನ್ನೆಲ್ಲ ಸೇರಿಸಿ ಕಾರ್ಮಿಕ ಮಾರುಕಟ್ಟೆಯ ಸುಧಾರಣೆ ಎಂದು ಕರೆಯುತ್ತಾರೆ. ಹೆಸರೇನೋ ಚೆನ್ನಾಗಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಭಾವನ ನೆನಪಾಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮದು ಉಡುಪಿಯ ಕಡೆ, ಮನೆಮಾತು ತುಳು. ನಾವು ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ, ಬೇರೆ ದಾರಿಯಿಲ್ಲ.

ಭಾವ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು. ಹಗಲು ಲೋಟ, ಸಂಜೆ ಶಾಲೆ. ಮೆಟ್ರಿಕ್ ಮುಗಿಸಿ ವೇಟರ್ ಆದರು, ಗಲ್ಲಾಪೆಟ್ಟಿಗೆಯ ಮುಂದೆ ಕೂತರು, ಸಂಜೆ ಕಾಲೇಜಿಗೆ ಹೋದರು. ಇಪ್ಪತ್ತನಾಲ್ಕು ವರ್ಷಕ್ಕೆ ಬಿ.ಕಾಂ. ಮುಗಿಸಿದರು. ಅಕ್ಕನೊಂದಿಗೆ ಮದುವೆ ನಿಶ್ಚಯವಾದಾಗ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮುಂದೆ ಬಿ.ಕಾಂ. ಅಂತ ಹಾಕಿಸಬೇಕು ಎಂದು ಅವರದ್ದು ಒಂದೇ ಹಟ. ಅಪ್ಪನಿಗೆ ಅದರಿಂದ ಎಷ್ಟು ಖುಷಿಯಾಯಿತೆಂದರೆ ಊರಿಡೀ ಅದನ್ನೇ ಹೇಳಿಕೊಂಡು ಬಂದರು. ನಾನು ಆಗ ಪಿಯುಸಿಯಲ್ಲಿ ಎರಡನೇ ಸಲ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಊಟಕ್ಕೆ ಕೂತಾಗಲೆಲ್ಲ ಅಪ್ಪ ಭಾವನ ಹೆಸರು ತೆಗೆಯುತ್ತಿದ್ದರು. ಲೋಟ ತೊಳೆದು ಡಿಗ್ರಿ ಮಾಡಿದವನೂ ಇದ್ದಾನೆ, ಲೋಟ ತೊಳೆಯದೆ ಫೇಲಾದವನೂ ಇದ್ದಾನೆ ಎನ್ನುತ್ತಿದ್ದರು.

ಆಮೇಲೆ ನಾನು ಕುವೈತಿಗೆ ಬಂದೆ, ಫೈಲು ಹೊರುವ ಕೆಲಸಕ್ಕೆ. ಆಫೀಸಿನ ಮೂಲೆಯಲ್ಲಿ ಕೂತು ಅರಬ್ಬಿ ಅಕ್ಷರ ಕಲಿತೆ. ಯಾರೂ ಕಲಿಸಲಿಲ್ಲ, ಹಳೆ ಫಾರ್ಮುಗಳನ್ನು ನೋಡಿ ನೋಡಿ ಬರೆದೆ. ನಮ್ಮ ಕಡೆಯವರಲ್ಲಿ ಅರಬ್ಬಿ ಬರೆಯಬಲ್ಲವರು ಆಗ ಬೆರಳೆಣಿಕೆಯಷ್ಟು. ಮ್ಯಾನೇಜರನಿಗೂ ನಾನು ಬೇಕಾದವನಾದೆ. ಹೀಗಾಗಿ ಮುಂಬಯಿಯ ಹೋಟೆಲು ಮುಚ್ಚಿ ಭಾವ ಕೆಲಸವಿಲ್ಲದೆ ಕೂತಾಗ ಅವರಿಗೆ ವೀಸಾ ಕೊಡಿಸಿದ್ದು ನಾನು. ಪಿಯುಸಿ ಫೇಲಾದವನು ಬಿ.ಕಾಂ. ಆದವನಿಗೆ ಕೆಲಸ ಕೊಡಿಸಿದ ಎಂದು ಅಪ್ಪನಿಗೆ ಕಾಗದ ಬರೆದು ತಿಳಿಸಿದ್ದೂ ನಾನೇ. ಸಣ್ಣ ಬುದ್ಧಿ, ಒಪ್ಪಿಕೊಳ್ಳುತ್ತೇನೆ.

ವೀಸಾ ಇದ್ದದ್ದು ಗೋದಾಮಿನ ಕೂಲಿಯದ್ದು, ಅದನ್ನು ಪಾಸ್‌ಪೋರ್ಟಿಗೆ ಹೊಡೆಸಿ ಅವರನ್ನು ವಿಮಾನ ಹತ್ತಿಸಿದ್ದು ಮುಂಬಯಿಯ ಒಬ್ಬ ಏಜೆಂಟ್. ಕೆಲಸ ಮಾತ್ರ ಸ್ಟೋರ್‌ಕೀಪರನದ್ದು. ಆಗ ಎಲ್ಲರದ್ದೂ ಹಾಗೆಯೇ. ಕೈಗೆ ಸಿಕ್ಕಿದ ವೀಸಾದಲ್ಲಿ ಬರುವುದು, ಆಮೇಲೆ ಗೊತ್ತಿರುವ ಕೆಲಸ ಮಾಡುವುದು. ನಮ್ಮ ಆಫೀಸಿನಲ್ಲೇ ಲೆಕ್ಕ ಬರೆಯುವ ಮಂಗಳೂರಿನ ಒಬ್ಬರು, ಕೊಂಕಣಿ ಮಾತಾಡುವವರು, ಎಂ.ಕಾಂ. ಓದಿ ಕಾಗದದಲ್ಲಿ ಡ್ರೈವರ್ ಆಗಿದ್ದರು. ಅವರಿಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಬಿಡಲು ಬರುತ್ತಿರಲಿಲ್ಲ. ಫಾರ್ಮಿನಲ್ಲಿ ನಮ್ಮನ್ನು ನಾವು ಕಡಿಮೆ ಮಾಡಿ ಬರೆದುಕೊಳ್ಳುವುದು ನಮ್ಮವರಲ್ಲಿ ಒಂದು ರೂಢಿಯೇ ಆಗಿತ್ತು. ಡಿಗ್ರಿ ಉಂಟು ಎಂದು ಬರೆದರೆ ಸರ್ಟಿಫಿಕೇಟ್ ತೋರಿಸಬೇಕು. ಅದಕ್ಕೆ ವಿಶ್ವವಿದ್ಯಾಲಯದ ಸೀಲು, ರಾಜ್ಯದ ಸೀಲು, ದೆಹಲಿಯ ಸೀಲು, ರಾಯಭಾರ ಕಚೇರಿಯ ಸೀಲು ಬೇಕು. ಅಷ್ಟಾಗುವಾಗ ವೀಸಾದ ಅವಧಿ ಮುಗಿದಿರುತ್ತದೆ. ಏನೂ ಓದಿಲ್ಲ ಎಂದರೆ ಯಾರೂ ಏನೂ ಕೇಳುವುದಿಲ್ಲ.

ಭಾವ ಬಂದು ಇಳಿದ ವಾರದಲ್ಲಿ ನನ್ನ ಮೇಜಿನ ಎದುರು ಕೂತಿದ್ದರು. ಇಕಾಮಾದ ಫಾರ್ಮನ್ನು ಆಗ ಕೈಯಲ್ಲೇ ತುಂಬಬೇಕಿತ್ತು. ಹೆಸರು ಬರೆದೆ, ತಂದೆಯ ಹೆಸರು ಬರೆದೆ. ವಿದ್ಯಾರ್ಹತೆ ಎಂಬಲ್ಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಅವರು ಚಾ ಕುಡಿಯುತ್ತ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಅಲ್ಲಿ ಅರಬ್ಬಿಯಲ್ಲಿ ಎರಡು ಪದ ಬರೆದೆ. ಓದಲು ಬರೆಯಲು ಬರುತ್ತದೆ ಎಂದು ಅದರ ಅರ್ಥ. ಶಾಲೆಗೇ ಹೋಗದವರಿಗೆ ಬರೆಯುವ ಮಾತು ಅದು.

ಎಲ್ಲರಿಗೂ ಅದನ್ನೇ ಬರೆಯುತ್ತಿದ್ದೆ, ಅವರಿಗೂ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಮೆಟ್ರಿಕ್ ಎಂದು ಬರೆಯಬಹುದಿತ್ತು. ಅದಕ್ಕೆ ಸೀಲೂ ಬೇಕಿರಲಿಲ್ಲ. ಆದರೂ ಎಲ್ಲಕ್ಕಿಂತ ಕೆಳಗಿನದನ್ನೇ ಬರೆದೆ, ಬರೆಯುವಾಗ ಒಳಗೊಳಗೇ ಒಂದು ಸಣ್ಣ ಸಂತೋಷವಾಯಿತು. ಅಪ್ಪನ ಊಟದ ಹೊತ್ತಿನ ಮಾತುಗಳಿಗೆಲ್ಲ ಅಲ್ಲಿ ಉತ್ತರ ಕೊಟ್ಟ ಹಾಗೆ ಅನ್ನಿಸಿತು. ಫಾರ್ಮು ತಿರುಗಿಸಿ ಸಹಿಯ ಜಾಗದಲ್ಲಿ ಬೆರಳಿಟ್ಟು ತೋರಿಸಿದೆ. ಭಾವ ಲೋಟ ಕೆಳಗಿಟ್ಟು ಸಹಿ ಹಾಕಿದರು, ಇಂಗ್ಲಿಷಿನಲ್ಲಿ, ಉದ್ದಕ್ಕೆ, ಬ್ಯಾಂಕಿನ ಮ್ಯಾನೇಜರರ ಹಾಗೆ.

ಆಮೇಲೆ ಇಪ್ಪತ್ತಮೂರು ವರ್ಷ ಆ ಎರಡು ಪದ ಯಾರ ಕಣ್ಣಿಗೂ ಬೀಳಲಿಲ್ಲ. ಪ್ರತಿ ಸಲ ಇಕಾಮಾ ನವೀಕರಿಸುವಾಗ ಹಳೆಯದನ್ನು ನೋಡಿ ಹೊಸದರಲ್ಲಿ ಇಳಿಸುತ್ತಿದ್ದೆ. ಕೈಬರಹ ಹೋಗಿ ಕಂಪ್ಯೂಟರ್ ಬಂತು, ಆ ಪದಗಳು ಕಂಪ್ಯೂಟರಿಗೂ ಹೋದವು. ನಡುವೆ ಒಂದೆರಡು ಸಲ ತಿದ್ದಲು ಅವಕಾಶವಿದ್ದ ಕಾಲವೂ ಇತ್ತು. ಹಲವರು ತಿದ್ದಿಸಿಕೊಂಡರು. ನಾನು ಭಾವನಿಗೆ ಹೇಳಲಿಲ್ಲ. ಹೇಳಿದರೆ ಏನು ಬರೆದಿದ್ದೆ ಎಂದೂ ಹೇಳಬೇಕಾಗುತ್ತಿತ್ತು.

ಭಾವ ಅಕ್ಕನನ್ನು ಕರೆಸಿಕೊಂಡರು. ಫರ್ವಾನಿಯಾದಲ್ಲಿ ಎರಡು ಕೋಣೆಯ ಫ್ಲಾಟು ಹಿಡಿದರು. ಬಹಳ ವರ್ಷದ ಮೇಲೆ ಅವರಿಗೆ ಒಬ್ಬಳು ಮಗಳು ಹುಟ್ಟಿದಳು, ಇಲ್ಲೇ. ನಾನು ನನ್ನ ಹೆಂಡತಿಯನ್ನು ಕರೆಸಬೇಕು ಎನ್ನುವಷ್ಟರಲ್ಲಿ ಕುಟುಂಬದ ವೀಸಾಕ್ಕೆ ಬೇಕಾದ ಸಂಬಳದ ಮಿತಿ ಮೇಲೆ ಹೋಯಿತು. ನನ್ನ ಸಂಬಳ ಹತ್ತಿರ ಬಂದಾಗ ಮಿತಿ ಇನ್ನೂ ಮೇಲೆ ಹೋಯಿತು. ಹಾಗೆ ನಾನು ಹೆಂಡತಿ ಇದ್ದೂ ಬ್ಯಾಚುಲರ್ ಆಗಿ, ಅಕ್ಕನ ಮನೆಯಿಂದ ಎರಡು ಬೀದಿ ಆಚೆ, ನಾಲ್ಕು ಜನರ ರೂಮಿನಲ್ಲಿ ಉಳಿದೆ. ಶುಕ್ರವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಮೀನು ಸಾರು. ಈ ಮರಳಿನ ದೇಶದಲ್ಲಿ ನನಗೆ ಮನೆ ಅಂತ ಇದ್ದದ್ದು ವಾರಕ್ಕೆ ಆ ನಾಲ್ಕು ಗಂಟೆ ಮಾತ್ರ.

ಆಮೇಲೆ ಆ ನಿಯಮ ಬಂತು. ಕೊರೊನಾ ಇನ್ನೂ ಪೂರ್ತಿ ಹೋಗಿರಲಿಲ್ಲ, ತೈಲ ಕೊಳ್ಳುವವರಿರಲಿಲ್ಲ, ಸ್ವದೇಶದವರಿಗೆ ಕೆಲಸ ಬೇಕು, ಪರದೇಶದವರು ಕಡಿಮೆಯಾಗಬೇಕು ಎಂಬ ಮಾತು ಎಲ್ಲೆಲ್ಲೂ ಇತ್ತು. ಅರವತ್ತು ವರ್ಷ ದಾಟಿದ, ಡಿಗ್ರಿ ಇಲ್ಲದ ಪರದೇಶದವರ ಕೆಲಸದ ಪರವಾನಗಿ ಇನ್ನು ನವೀಕರಿಸುವುದಿಲ್ಲ ಎಂದಾಯಿತು. ಭಾವನಿಗೆ ಆಗ ಐವತ್ತೊಂಬತ್ತು ತುಂಬಿ ಕೆಲವು ತಿಂಗಳಾಗಿತ್ತು.

ಆ ಶುಕ್ರವಾರ ಊಟಕ್ಕೆ ಊರಿನ ಇನ್ನಿಬ್ಬರು ಬಂದಿದ್ದರು, ಇಬ್ಬರೂ ಸಲ್ವಾದಲ್ಲಿ ಕೆಲಸ ಮಾಡುವವರು, ಅರವತ್ತರ ಹತ್ತಿರದವರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಭಾವ ಮಾತ್ರ ಆರಾಮಾಗಿ ಮೀನಿನ ಮುಳ್ಳು ಬಿಡಿಸುತ್ತಿದ್ದರು.

"ನಂಗೆಂತ ಹೆದರಿಕೆ ಮಾರಾಯ? ನಾನು ಡಿಗ್ರಿ ಆದವ ಅಲ್ವಾ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಪಿಯುಸಿ ಫೇಲು. ನಿನಗೆ ಇನ್ನೂ ಐದು ವರ್ಷ ಉಂಟು. ಅಷ್ಟರೊಳಗೆ ಒಂದು ಡಿಗ್ರಿ ಮಾಡಿ ಹಾಕು," ಎಂದು ನಕ್ಕರು.

ಅಕ್ಕನೂ ನಕ್ಕಳು. ನಾನು ತಟ್ಟೆಗೆ ಇನ್ನಷ್ಟು ಅನ್ನ ಹಾಕಿಸಿಕೊಂಡೆ, ಹಸಿವಿರಲಿಲ್ಲ. ಆಗಲೇ ಹೇಳಬೇಕಿತ್ತು.

ಭಾವ ಸುಮ್ಮನೆ ಕೂರುವವರಲ್ಲ. ಮುಂಬಯಿಯಲ್ಲಿದ್ದ ಅಣ್ಣನ ಮಗನಿಗೆ ಫೋನ್ ಮಾಡಿ ಟ್ರಂಕಿನಲ್ಲಿದ್ದ ಸರ್ಟಿಫಿಕೇಟ್ ತೆಗೆಸಿದರು. ಅವನು ಅದನ್ನು ಹಿಡಿದುಕೊಂಡು ಸೀಲಿನಿಂದ ಸೀಲಿಗೆ ಓಡಾಡಿದ. ಒಂದು ಕಡೆ ಆಫೀಸು ಮುಚ್ಚಿತ್ತು, ಇನ್ನೊಂದು ಕಡೆ ಹಳೆ ದಾಖಲೆ ಸಿಗುತ್ತಿರಲಿಲ್ಲ. ಒಂದೊಂದು ಸೀಲು ಬಿದ್ದಾಗಲೂ ಭಾವ ನನಗೆ ಅದರ ಫೋಟೋ ಕಳಿಸುತ್ತಿದ್ದರು. ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳಲ್ಲಿ ನನಗೆ ಬುದ್ಧಿ ಕೆಟ್ಟ ಹಾಗಾಗಿತ್ತು. ಸೀಲುಗಳ ಬಲದಿಂದ ಹಳೆಯ ಎರಡು ಪದ ಅಳಿಸಿಹೋಗಬಹುದು ಎಂದು ಒಮ್ಮೆ ಅನ್ನಿಸುವುದು. ಎಲ್ಲೋ ಒಂದು ಸೀಲು ಸಿಗದೆ ಹೋದರೆ ತಪ್ಪು ಸೀಲಿನ ಮೇಲೆ ಬೀಳುತ್ತದಲ್ಲ ಎಂದೂ ಅನ್ನಿಸುವುದು. ಎರಡನೆಯದನ್ನು ನಾನು ನಿಜವಾಗಿ ಆಸೆಪಟ್ಟೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಸೀಲುಗಳೆಲ್ಲ ಬಂದವು. ಮೊದಲೇ ಸಮಯ ಪಡೆದುಕೊಂಡು ಇಲಾಖೆಗೆ ಹೋದೆವು. ಭಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿದ್ದರು. ಕೌಂಟರಿನಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮರ್ಯಾದೆಯವಳು. ಅರಬ್ಬಿಯಲ್ಲೇ ಮಾತಾಡಿದಳು. ಭಾವನಿಗೆ ಗೋದಾಮಿನ ಅರಬ್ಬಿ ಬರುತ್ತಿತ್ತು, ಆಫೀಸಿನ ಅರಬ್ಬಿ ಬರುತ್ತಿರಲಿಲ್ಲ. ನಡುವೆ ನಿಂತು ಆಚೆಯದನ್ನು ಈಚೆಗೆ ಹೇಳುವವನು ನಾನು.

ಅವಳು ಸರ್ಟಿಫಿಕೇಟನ್ನು ತಿರುಗಿಸಿ ಎಲ್ಲ ಸೀಲು ನೋಡಿದಳು. ಒಳ್ಳೆಯದು, ಅಸಲಿ ಕಾಗದ ಎಂದಳು. ಆಮೇಲೆ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಇವರು ಈ ದೇಶಕ್ಕೆ ಬಂದಾಗ ಓದಲು ಬರೆಯಲು ಬರುತ್ತದೆ ಅಂತ ಮಾತ್ರ ಹೇಳಿದ್ದಾರೆ. ಕೂಲಿ ಅಂತ ಬಂದವರು ಆಮೇಲೆ ಡಿಗ್ರಿ ತಂದು ಸೇರಿಸುವುದನ್ನು ಈಗ ನಿಲ್ಲಿಸಿದ್ದಾರೆ, ಸುಳ್ಳು ಸರ್ಟಿಫಿಕೇಟ್ ಬಹಳ ಬಂದವು. ಇವರದ್ದು ಸುಳ್ಳಲ್ಲ, ನನಗೆ ಕಾಣಿಸುತ್ತದೆ. ಆದರೆ ಈ ಕಾಲಂ ನನ್ನ ಕೈಯಲ್ಲಿ ತೆರೆಯುವುದಿಲ್ಲ. ಇಷ್ಟು ಹೇಳಿ, ಅವಳು ನನ್ನನ್ನೇ ನೋಡುತ್ತ ಕೇಳಿದಳು: ಆ ಫಾರ್ಮು ಆಗ ತುಂಬಿದ್ದು ಯಾರು?

"ಎಂತ ಹೇಳ್ತಾಳೆ?" ಎಂದು ಭಾವ ಕೇಳಿದರು.

"ಸಿಸ್ಟಮಿನಲ್ಲಿ ಹಾಗೆ ಉಂಟಂತೆ. ಈಗ ಬದಲು ಮಾಡ್ಲಿಕ್ಕೆ ಆಗುದಿಲ್ಲವಂತೆ," ಎಂದೆ.

"ಹೇಗೆ ಉಂಟು?"

"ಓದ್ಲಿಕ್ಕೆ ಬರೀಲಿಕ್ಕೆ ಬರ್ತದೆ ಅಂತ ಮಾತ್ರ ಉಂಟು."

ಭಾವ ಪರದೆಯ ಕಡೆ ಬಗ್ಗಿ ನೋಡಿದರು. ನಾನು ಅವಳ ಕಡೆ ತಿರುಗಿ, ಏಜೆಂಟ್ ತುಂಬಿದ್ದು, ಇಂಡಿಯಾದ ಏಜೆಂಟ್, ಎಂದೆ. ಅವಳು ತಲೆಯಾಡಿಸಿ ಸರ್ಟಿಫಿಕೇಟನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ಭಾವನಿಗೆ ಎರಡೂ ಕೈಯಿಂದ ಕೊಟ್ಟಳು.

ಹೊರಗೆ ಕಾರಿನಲ್ಲಿ ಕೂತ ಮೇಲೆ ಭಾವ ಆ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡರು. ಏರ್‌ಪೋರ್ಟ್ ರಸ್ತೆಗೆ ಬಂದಾಗ ಹೇಳಿದರು:

"ಆ ಮುಂಬಯಿ ಏಜೆಂಟನದ್ದೇ ಕೆಲಸ ಅದು. ಆಗ ಅವನಿಗೆ ಅರ್ಜೆಂಟ್ ಇತ್ತು ನೋಡು, ಕಂಡ ಹಾಗೆ ಗೀಚಿದ್ದಾನೆ."

"ಹೌದು ಭಾವ," ಎಂದೆ.

"ಬಿಡು. ಅವನಿಗಾದ್ರೂ ಎಂತ ಗೊತ್ತಿತ್ತು, ಹೀಗೆ ಒಂದು ಕಾನೂನು ಬರ್ತದೆ ಅಂತ."

ಆ ಹೊತ್ತಿನಲ್ಲಿ ನನಗೆ ಆದದ್ದು ಸಮಾಧಾನ. ಬೇರೆ ಏನೂ ಅಲ್ಲ. ಅವರು ಮರೆತಿದ್ದಾರೆ, ಇಪ್ಪತ್ತು ವರ್ಷದ ಹಿಂದಿನ ಮಾತು, ಬೆರಳಿಟ್ಟ ಕಡೆ ಸಹಿ ಹಾಕಿದವರು ಎಂದುಕೊಂಡೆ. ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಗಾಡಿ ಮುಂದೆ ತೆಗೆಯಲು ಮರೆತೆ. ಹಿಂದಿನವನು ಹಾರ್ನ್ ಹಾಕಿದ.

ಉಳಿದ ದಾರಿಗಳನ್ನೂ ನೋಡಿದ್ದಾಯಿತು. ನಡುವೆ ದೊಡ್ಡ ವಿಮೆ ಮಾಡಿಸಿದರೆ ಇರಬಹುದು ಎಂಬ ಮಾತು ಬಂತು. ಮ್ಯಾನೇಜರ್ ಆ ಕಾಗದವನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಖಲಾಸ್, ಭಾಯಿ. ವಯಸ್ಸಾಯ್ತು," ಎಂದ. ಭಾವನ ಇಕಾಮಾ ಹೋದರೆ ಅಕ್ಕನದ್ದೂ ಹೋಗುತ್ತದೆ, ಹನ್ನೊಂದನೇ ಕ್ಲಾಸಿನಲ್ಲಿದ್ದ ಸೊಸೆಯದ್ದೂ ಹೋಗುತ್ತದೆ. ಅಕ್ಕನ ಮಗಳನ್ನು ನಾವು ಸೊಸೆ ಎನ್ನುವುದು. ನನ್ನ ಹೆಸರಿಗೆ ಅವರನ್ನು ಹಾಕಿಕೊಳ್ಳುವಂತಿಲ್ಲ. ಹೆಂಡತಿಯನ್ನೇ ಹಾಕಿಕೊಳ್ಳಲು ಆಗದವನು ಅಕ್ಕನನ್ನು ಹೇಗೆ ಹಾಕಿಕೊಳ್ಳಲಿ.

ಒಂದು ಸಂಜೆ ಸೊಸೆ ನನ್ನ ಎದುರು ಬಂದು ನಿಂತಳು. ನಾನು ತುಳುವಿನಲ್ಲಿ ಮಾತಾಡಿದರೂ ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲೇ.

"ಮಾಮ, ಯೂ ಡು ದ ಪೇಪರ್ಸ್ ಫಾರ್ ಎವ್ರಿಬಡಿ. ವೈ ನಾಟ್ ಫಾರ್ ಅಸ್?"

ಎಲ್ಲರ ಕಾಗದ ಮಾಡುವ ಮಾಮನಿಗೆ ನಮ್ಮದೊಂದು ಯಾಕೆ ಆಗಲಿಲ್ಲ ಎಂದು ಅವಳ ಪ್ರಶ್ನೆ. ಅಕ್ಕ ಅಡುಗೆ ಕೋಣೆಯಿಂದಲೇ, "ಮಾಮನಿಗೆ ಹಾಗೆಲ್ಲ ಮಾತಾಡ್ಬಾರ್ದು. ಅವ ನಮ್ಮ ಹಿಂದೆ ಎಷ್ಟು ಓಡಾಡಿದ್ದಾನೆ, ಗೊತ್ತುಂಟಾ ನಿಂಗೆ," ಎಂದು ಗದರಿದಳು. ಆ ಮಾತು ಕೇಳಿಸಿಕೊಂಡು ಕೂತಿರುವುದು ನನಗೆ ಆ ಹುಡುಗಿಯ ಪ್ರಶ್ನೆಗಿಂತ ಕಷ್ಟವಾಯಿತು.

ಭಾವನ ಇಕಾಮಾ ರದ್ದು ಮಾಡುವ ಅರ್ಜಿಯನ್ನು ತುಂಬಿದವನೂ ನಾನೇ. ಅದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ನಾಲ್ಕು ಕಡೆ ಒತ್ತಿದರೆ ಮುಗಿಯಿತು. ಕಾರಣ ಎಂಬಲ್ಲಿ ಅಂತಿಮ ನಿರ್ಗಮನ ಎಂಬುದನ್ನು ಆರಿಸಬೇಕು. ಆರಿಸಿದೆ, ಊಟಕ್ಕೆ ಹೋದೆ. ಮೂವರೂ ಹೋದ ದಿನ ಏರ್‌ಪೋರ್ಟಿನ ಒಳಗೆ ಕಳಿಸಲು ಬಂದವರನ್ನು ಬಿಡುತ್ತಿರಲಿಲ್ಲ. ಗಾಜಿನ ಬಾಗಿಲಿನ ಹೊರಗೆ ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಹೊತ್ತು ಹೊತ್ತಿಗೆ ಊಟ ಮಾಡು ಮಾರಾಯ. ಶುಕ್ರವಾರ ಹೋಟೆಲಿಗೆ ಹೋಗು, ಸುಮ್ಮನೆ ಖುಬ್ಬೂಸ್ ರೊಟ್ಟಿ ತಿಂದು ಮಲಗ್ಬೇಡ," ಎಂದರು. ಸೊಸೆ ನನ್ನ ಕಡೆ ನೋಡಲಿಲ್ಲ.

ಊರಿನ ಸುದ್ದಿ ಅಕ್ಕನ ಫೋನಿನಲ್ಲಿ ಬರುತ್ತಿತ್ತು. ಸುರತ್ಕಲ್ಲಿನಲ್ಲಿ ಬಾಡಿಗೆಯ ಫ್ಲಾಟು. ಸೊಸೆಗೆ ಅಲ್ಲಿನ ಕಾಲೇಜಿನಲ್ಲಿ ವರ್ಷದ ನಡುವೆ ಸೀಟು ಸಿಗಲಿಲ್ಲ, ಒಂದು ವರ್ಷ ಹೋಯಿತು. ಕನ್ನಡ ಓದಲು ಬಾರದವಳು, ಗೆಳತಿಯರಿಲ್ಲದವಳು, ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಮುಂದೆ ಹೇಗೋ ಕಾಲೇಜು ಸೇರಿದಳು, ಆದರೆ ಅಪ್ಪನ ಹತ್ತಿರ ಮಾತು ಕಡಿಮೆಯಾಯಿತು. ಭಾವ ಕೆಲಸ ಹುಡುಕಿದರು. ಅರವತ್ತರ ಬಿ.ಕಾಂ. ಯಾರಿಗೆ ಬೇಕು? ಒಬ್ಬರ ಹಾರ್ಡ್‌ವೇರ್ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಸ್ಟಾಕ್ ಬರೆಯುತ್ತಾರೆ ಎಂದು ಅಕ್ಕ ಹೇಳಿದಳು. ಅಂಗಡಿಯವನು ಅವರ ಕೈಕೆಳಗೆ ಕಲಿತ ಹುಡುಗರ ವಯಸ್ಸಿನವನು, ಏಕವಚನದಲ್ಲಿ ಕರೆಯುತ್ತಾನಂತೆ.

ಹೀಗೆ ನಾಲ್ಕು ವರ್ಷಕ್ಕೂ ಹೆಚ್ಚಾಯಿತು. ನನಗೆ ಅರವತ್ತು ಹತ್ತಿರ ಬಂತು. ನನಗೆ ನಿಜವಾಗಿಯೂ ಡಿಗ್ರಿ ಇರಲಿಲ್ಲ. ಹೋಗುವುದು ಖಂಡಿತ ಎಂದು ನಾನು ಒಂದೊಂದೇ ಸಾಮಾನು ಕೊಟ್ಟುಬಿಡಲು ಶುರುಮಾಡಿದ್ದೆ. ಸುಳ್ಳು ಯಾಕೆ, ಅದರಲ್ಲಿ ಒಂದು ನೆಮ್ಮದಿಯಿತ್ತು. ಭಾವನಿಗೆ ಆದದ್ದೇ ನನಗೂ ಆಗುತ್ತದಲ್ಲ, ಸುರತ್ಕಲ್ಲಿಗೆ ಹೋಗಿ ಅವರ ಎದುರು ಕೂತು ಎಲ್ಲ ಹೇಳಿಬಿಡಬಹುದು ಎಂದುಕೊಂಡಿದ್ದೆ.

ಅಷ್ಟರಲ್ಲಿ ಆ ನಿಯಮವನ್ನು ತೆಗೆದರು. ಅನುಭವಸ್ಥರು ಬೇಕು, ಮಾರುಕಟ್ಟೆಗೆ ತೊಂದರೆಯಾಗುತ್ತದೆ ಎಂದು ಕಾರಣ. ಮಿರ್ಕಾಬಿನ ಆಫೀಸಿನಲ್ಲಿ ಕೂತು ಫೋನಿನಲ್ಲಿ ಓದಿದೆ. ಹಾಕುವಾಗ ಎಷ್ಟು ಸಾಲಿನಲ್ಲಿ ಹಾಕಿದ್ದರೋ ತೆಗೆಯುವಾಗಲೂ ಅಷ್ಟೇ. ನನ್ನ ಇಕಾಮಾ ಯಾವ ತಕರಾರೂ ಇಲ್ಲದೆ ನವೀಕರಣವಾಯಿತು. ಡಿಗ್ರಿ ಇದ್ದವರನ್ನು ಡಿಗ್ರಿ ಇಲ್ಲ ಎಂದು ಕಳಿಸಿಯಾಗಿತ್ತು, ಡಿಗ್ರಿ ಇಲ್ಲದ ನಾನು ಉಳಿದೆ. ಮ್ಯಾನೇಜರ್ ಬೆನ್ನು ತಟ್ಟಿ, "ಯಲ್ಲಾ, ಇನ್ನು ಹತ್ತು ವರ್ಷ," ಎಂದ.

ನಾನು ಹೇಳುವ ಮೊದಲೇ ಸುದ್ದಿ ಭಾವನಿಗೆ ಮುಟ್ಟಿತ್ತು. ಫೋನ್ ಬಂತು. ಅಷ್ಟು ಗೆಲುವಿನ ದನಿಯಲ್ಲಿ ಅವರು ಮಾತಾಡಿ ವರ್ಷಗಳಾಗಿದ್ದವು. "ಒಂದು ವೀಸಾ ನೋಡು ಭಾವ," ಎಂದರು. ನಮ್ಮಲ್ಲಿ ಅಕ್ಕನ ಗಂಡನೂ ಹೆಂಡತಿಯ ತಮ್ಮನೂ ಒಬ್ಬರನ್ನೊಬ್ಬರು ಹಾಗೆಯೇ ಕರೆಯುವುದು. "ಗೋದಾಮಿನ ಕೆಲಸ ಆದ್ರೂ ಸಾಕು. ಇನ್ನು ಎರಡು ಮೂರು ವರ್ಷ. ಮಗಳ ಓದು ಮುಗಿಯುವವರೆಗೆ."

ನೋಡುತ್ತೇನೆ ಎಂದೆ. ಇಲಾಖೆಗೆ ಹೋಗಿ ಕೇಳಿದೆ. ಇಲ್ಲಿ ಇದ್ದವರು ಇರಬಹುದು, ಆ ವಯಸ್ಸಿನವರು ಹೊಸದಾಗಿ ಬರುವಂತಿಲ್ಲ ಎಂದರು. ಇನ್ನಿಬ್ಬರನ್ನು ಕೇಳಿದೆ, ಅವರೂ ಅದನ್ನೇ ಹೇಳಿದರು. ಇದು ಮೊದಲ ದಿನವೇ ನನಗೆ ಗೊತ್ತಿದ್ದ ಸಂಗತಿ. ಆದರೂ ಭಾವ ಫೋನ್ ಮಾಡಿದಾಗಲೆಲ್ಲ ಕಾಗದ ಒಳಗೆ ಹೋಗಿದೆ, ನೋಡುತ್ತಿದ್ದಾರೆ ಎನ್ನುತ್ತ ಬಂದೆ. ಮೂರು ವಾರ ಹಾಗೆ ನಡೆಸಿದೆ. ಆ ಮೂರು ವಾರದಲ್ಲಿ ಅವರು ಪಾಸ್‌ಪೋರ್ಟ್ ನವೀಕರಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ತಲೆಗೆ ಬಣ್ಣ ಹಾಕಿಸಿ ಹೊಸ ಫೋಟೋ ತೆಗೆಸಿದರು. ಎಲ್ಲವನ್ನೂ ನನಗೆ ಕಳಿಸಿದರು. ಹಾರ್ಡ್‌ವೇರ್ ಅಂಗಡಿಯವನಿಗೆ ಬರುವುದಿಲ್ಲ ಎಂದೂ ಹೇಳಿಬಿಟ್ಟರು. ಅದು ಕೇಳಿದ ಮೇಲೆ ನನಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಫೋನ್ ಮಾಡಿದೆ. ಮೊದಲು ಹಳೆಯದನ್ನು ಹೇಳಿದೆ. ಆ ಫಾರ್ಮು ತುಂಬಿದ್ದು ಏಜೆಂಟನಲ್ಲ, ನಾನು, ಬೇಕೆಂದೇ ಹಾಗೆ ಬರೆದೆ ಎಂದೆ. ಅಪ್ಪ ಊಟದ ಹೊತ್ತಿಗೆ ಆಡುತ್ತಿದ್ದ ಮಾತನ್ನೂ ಹೇಳಿದೆ.

"ಗೊತ್ತುಂಟು ಮಾರಾಯ," ಎಂದರು ಭಾವ. "ನೀನು ನನ್ನ ಎದುರೇ ಅಲ್ವಾ ತುಂಬಿದ್ದು. ಆ ದಿನ ಕೌಂಟರಿನಲ್ಲೇ ನೆನಪಾಯ್ತು."

ಕಾರಿನಲ್ಲಿ ಏಜೆಂಟ್ ಎಂದದ್ದು, ಬಿಡು ಎಂದದ್ದು, ಎಲ್ಲ ನನ್ನ ಮುಖ ಉಳಿಸಲು. ನಾನು ಅವರ ಕ್ಷಮೆ ಕೇಳಲು ಹೊರಟೆ, ಅವರು ನಡುವೆ ತಡೆದರು.

"ಅದೆಲ್ಲ ಈಗ ಎಂತಕ್ಕೆ? ವೀಸಾ ಆಗ್ತದಾ ಇಲ್ವಾ, ಅದೊಂದು ಹೇಳು."

"ಆಗುದಿಲ್ಲ ಭಾವ. ಹೊಸ ವೀಸಾಕ್ಕೆ ನಿಮ್ಮ ವಯಸ್ಸು ಆಗುದಿಲ್ಲ. ನನಗೆ ಮೊದಲೇ ಗೊತ್ತಿತ್ತು."

ಆಚೆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು. ಅಡುಗೆ ಕೋಣೆಯಿಂದ ಅಕ್ಕ ಏನನ್ನೋ ಕೇಳಿದಳು, ಅವರು ಆಯ್ತು ಎಂದು ಉತ್ತರ ಕೊಟ್ಟರು. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು ದನಿ ತಗ್ಗಿಸಿದರು.

"ನಿನ್ನ ಅಕ್ಕನಿಗೆ ಇವತ್ತು ಹೇಳ್ಬೇಡ. ನಾನು ಬರುವಾಗ ನಿನಗೆ ತರ್ಲಿಕ್ಕೆ ಅಂತ ಬೆಳಿಗ್ಗೆಯಿಂದ ಒಣಮೀನು ಕಟ್ಟಿ ಕಟ್ಟಿ ಇಡ್ತಾ ಇದ್ದಾಳೆ."